ಎತ್ತು ಮಾರಿ ಮೂಗುದಾರ ಇಟ್ಕೊಂಡವರು

ದುಡ್ಡು ಕೊಟ್ಟು ತಗೊಂಡ ಹೊಸ ಫೋನಿನ ಬೀಗವನ್ನ, ಮೊಬೈಲ್ ಕಂಪನಿಯ ಒಪ್ಪಿಗೆ ಇಲ್ಲದೆ ನಾವೇ ತೆಗೆಯೋದು ಅಮೆರಿಕದಲ್ಲಿ ಒಂದೂವರೆ ವರ್ಷ ಕಾನೂನಿಗೆ ವಿರುದ್ಧವಾಗಿತ್ತು ಅಂದ್ರೆ ನಂಬ್ತೀರಾ?

ಅಲ್ಲಿ ಮೊಬೈಲ್ ಕಂಪನಿಗಳೇ ಫೋನ್ ಮಾರ್ತವೆ, ಬೇರೆ ಕಂಪನಿಯ ಸಿಮ್ ಒಪ್ಪದ ಹಾಗೆ ಸಾಫ್ಟ್‌ವೇರ್‌ನಲ್ಲೇ ಲಾಕ್ ಹಾಕಿರ್ತವೆ. 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯಿದೆ ಇಂಥ ಡಿಜಿಟಲ್ ಬೀಗ ಮುರಿಯೋದನ್ನ ನಿಷೇಧಿಸುತ್ತೆ. ಯಾವುದಕ್ಕೆ ವಿನಾಯಿತಿ ಅಂತ ಮೂರು ವರ್ಷಕ್ಕೊಮ್ಮೆ ತೀರ್ಮಾನಿಸೋರು ಯಾರು ಗೊತ್ತಾ? ಲೈಬ್ರರಿ ಆಫ್ ಕಾಂಗ್ರೆಸ್ ಅನ್ನೋ ಗ್ರಂಥಾಲಯದ ಮುಖ್ಯಸ್ಥರು! 2006ರಲ್ಲೂ 2010ರಲ್ಲೂ ಫೋನ್ ಅನ್‌ಲಾಕ್‌ಗೆ ವಿನಾಯಿತಿ ಸಿಕ್ಕಿತ್ತು. 2012ರಲ್ಲಿ ಮಾತ್ರ, 2013ರ ಜನವರಿ 26ರ ನಂತರ ಕೊಳ್ಳೋ ಫೋನಿಗೆ ಇಲ್ಲ ಅಂದುಬಿಟ್ಟರು.

ನಾನು ಆಗ ಅಲ್ಲೇ ಆನ್‌ಸೈಟ್‌ನಲ್ಲಿದ್ದೆ. ಆ ಮಾರ್ಚ್‌ನಲ್ಲಿ ಪೂರ್ತಿ ದುಡ್ಡು ಕೊಟ್ಟು ಫೋನ್ ತಗೊಂಡಿದ್ದೆ. ಮುಂದಿನ ಯುಗಾದಿಗೆ ಊರಿಗೆ ಹೊರಟಾಗ ಅದನ್ನ ಅಪ್ಪನಿಗೆ ಕೊಡೋಣ ಅಂತ ಅನ್‌ಲಾಕ್ ಕೋಡ್ ಕೇಳಿದರೆ ಕಂಪನಿಯವರು ಆಗಲ್ಲ ಅಂದ್ರು. ದುಡ್ಡು ಕೊಟ್ಟರೆ ಮಾಡಿಕೊಡೋರು ಹೊರಗೆ ಇದ್ದರು. ಆದರೆ ವೀಸಾ ಮೇಲಿರೋನು ಕಾನೂನಿನ ಜೊತೆ ಆಟ ಆಡೋಕಾಗುತ್ತಾ? ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. "ಅಲ್ಲ ಕಣೋ, ಎತ್ತು ಮಾರಿ ಮೂಗುದಾರ ಅವ್ರೇ ಇಟ್ಕೊಂಡವ್ರಾ?" ಅಂದ್ರು. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಇವತ್ತಿಗೂ ಬಂದಿಲ್ಲ.

ಈ ನಿಯಮ ಬದಲಿಸಿ ಅಂತ ಸಿನಾ ಖಾನಿಫರ್ ಅನ್ನೋರು ವೈಟ್‌ಹೌಸ್‌ಗೆ ಹಾಕಿದ್ದ ಅರ್ಜಿಗೆ 1,14,000ಕ್ಕೂ ಹೆಚ್ಚು ಜನ ಸಹಿ ಮಾಡಿದ್ದರು. ಕೊನೆಗೆ 2014ರ ಆಗಸ್ಟ್ 1ರಂದು ಒಬಾಮ ಹೊಸ ಕಾಯಿದೆಗೆ ಸಹಿ ಹಾಕಿದರು. ಹಳೇ ವಿನಾಯಿತಿ ವಾಪಸ್ ಬಂತು, ಬೇರೆಯವರ ಕೈಲಿ ಅನ್‌ಲಾಕ್ ಮಾಡಿಸೋಕೂ ಅವಕಾಶ ಸಿಕ್ತು. ಆದರೆ ಕಂಪನಿಗಳು ಕೋಡ್ ಕೊಡಲೇಬೇಕು ಅಂತ ಅದರಲ್ಲಿರಲಿಲ್ಲ. ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೇಳೋದೂ ತಪ್ಪಲಿಲ್ಲ.

ಕೆನಡಾದವರು ನೇರವಾಗಿ ಬೀಗ ಹಾಕೋರನ್ನೇ ಹಿಡಿದರು. 2017ರ ಡಿಸೆಂಬರ್ 1ರಿಂದ ಅಲ್ಲಿ ಫೋನ್ ಮಾರುವಾಗಲೇ ಅನ್‌ಲಾಕ್ ಆಗಿರಬೇಕು. ಬ್ರಿಟನ್ನಿನಲ್ಲೂ 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಆಗಿರೋ ಫೋನ್ ಮಾರೋ ಹಾಗಿಲ್ಲ.

ನಾನೂ ಕೋಡ್ ಬರೆದು ಹೊಟ್ಟೆ ಹೊರೆಯೋನು. ಕಂತು ತೀರೋವರೆಗೆ ಲಾಕ್ ಇರಲಿ, ಅದು ನ್ಯಾಯ. ಕಂತು ತೀರಿದ ಮೇಲೂ ಕೈಮುಗಿದು ಕೇಳಬೇಕು ಅಂದ್ರೆ ಯಾವ ನ್ಯಾಯ?

ಅಂದಹಾಗೆ, ಅಮೆರಿಕದಿಂದ ಬರೋ ಸ್ನೇಹಿತರಿಗೆ ಐಫೋನ್ ತರೋಕೆ ಹೇಳಿದ್ರೆ ಇದನ್ನೂ ಹೇಳಿ: ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದ್ರೆ 'ಕ್ಯಾರಿಯರ್ ಲಾಕ್' ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿರಬೇಕು. ವಿಮಾನ ಹತ್ತೋ ಮುಂಚೆ ನೋಡಿಕೊಂಡ್ರೆ ಒಳ್ಳೇದು.