ಫ್ರಿಜ್ ಬಾಗಿಲ ಮೇಲೊಂದು ಚೀಟಿ

108 ಆಂಬುಲೆನ್ಸ್ ಬಂದರೆ ಸಿಬ್ಬಂದಿ ಕೇಳುವುದೇ ಇದು: ‘ಶುಗರ್, ಬಿ.ಪಿ. ಇದೆಯಾ? ಯಾವ ಮಾತ್ರೆ ತಗೋತಾರೆ? ಯಾವ ಔಷಧಿ ಆಗಿಬರಲ್ಲ?’ ಗಾಬರಿಯಲ್ಲಿ ಮನೆಯವರಿಗೆ ‘ಬಿಳಿ ಮಾತ್ರೆ, ಬೆಳಿಗ್ಗೆ ಒಂದು’ ಎನ್ನುವುದರಾಚೆ ಏನೂ ಹೊಳೆಯುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವದ ಅಪಾಯ ಹೆಚ್ಚು. ಇನ್ಸುಲಿನ್ ತಗೊಂಡು ಊಟ ಬಿಟ್ಟವರು ಶುಗರ್ ಇಳಿದು ತೊದಲಿದರೆ ನೋಡಿದವರು ಲಕ್ವ ಎಂದುಕೊಳ್ಳಬಹುದು, ಕುಡಿದಿದ್ದಾರೆ ಎಂದೂ!

ಕಾಯಿಲೆ, ಮಾತ್ರೆಯ ಹೆಸರು, ಎಷ್ಟು ಎಂ.ಜಿ., ಅಲರ್ಜಿ, ಮನೆಯವರ ನಂಬರ್ ಬರೆದು ಫ್ರಿಜ್‌ಗೆ ಅಂಟಿಸಿ. ಮೊಬೈಲ್‌ನ ತುರ್ತು ಮಾಹಿತಿಯಲ್ಲೂ ತುಂಬಿಡಿ, ಲಾಕ್ ತೆಗೆಯದೆಯೇ ಓದಬಹುದು. ಫಿಟ್ಸ್ ಮಾತ್ರೆ, ಮನೋರೋಗದ ಮಾತ್ರೆ ಅಂತ ನಾಚಿಕೆಯಿಂದ ಮುಚ್ಚಿಡಬೇಡಿ, ದಯವಿಟ್ಟು.

ಆಂಬುಲೆನ್ಸ್ ಬಂದುಹೋದ ಮೇಲಿನ ದಿನಗಳದು ಬೇರೆಯದೇ ಕಷ್ಟ. ರೋಗಿಯನ್ನು ಊರೆಲ್ಲ ವಿಚಾರಿಸುತ್ತದೆ, ಆಂಬುಲೆನ್ಸ್‌ನಲ್ಲಿ ಕೈ ಹಿಡಿದು ಕೂತಿದ್ದವರನ್ನು ಯಾರೂ ಕೇಳುವುದಿಲ್ಲ. ಸೈರನ್ ಕೇಳಿದರೆ ಎದೆ ಧಸಕ್ಕೆನ್ನುವುದು, ನಡುರಾತ್ರಿ ಎದ್ದು ರೋಗಿಯ ಉಸಿರು ನೋಡುವುದು, ಇವೆಲ್ಲ ಸಹಜ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಸಿಗುತ್ತಾರೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.