ಬೆಸೆಂಟ್ ನಗರದಲ್ಲಿ ಕಂಡ ಕೊಡಗಿನ ಪದಕ

ಅಡಯಾರು ಹೊಳೆಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಕಡಲಿಗೆ ಮುಖಮಾಡಿ ನಿಂತ ಬಡಾವಣೆಯೇ ನಮ್ಮ ಬೆಸೆಂಟ್ ನಗರ. ಬಡಾವಣೆಗೆ ಆನಿ ಬೆಸೆಂಟ್ ಅಮ್ಮನವರ ಹೆಸರು. ಕಡಲತೀರಕ್ಕೆ ಎಲಿಯಟ್ ಎಂಬ ಆಂಗ್ಲ ಅಧಿಕಾರಿಯ ಹೆಸರು. ಮರಳಿನಲ್ಲಿ ಒಂಟಿಯಾಗಿ ನಿಂತ ಬಿಳಿಯ ಸ್ಮಾರಕವಂತೂ 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಹೋಗಿ ಪ್ರಾಣತೆತ್ತ ಸ್ಮಿತ್ ಎಂಬ ಡೆನ್ಮಾರ್ಕಿನ ತರುಣನದು. ನಾವು ಕನ್ನಡಿಗರು ಇಲ್ಲಿಗೆ ಬಂದದ್ದು ರಾಜಾಜಿ ಭವನದ ಕಚೇರಿಗಳ ದೆಸೆಯಿಂದ. ಹೆಸರು ಉಳಿಸುವ ಹಂಬಲವೇನೂ ನಮಗಿರಲಿಲ್ಲ.

ಇಂತಹ ಊರಿನಲ್ಲಿ, ನಮ್ಮ ಮನೆಗೆ ಎರಡು ಬೀದಿ ಆಚೆ, ದಕ್ಷಿಣ ಕನ್ನಡದ ಕಡೆಯ ಹಿರಿಯರೊಬ್ಬರು ಹಳೆಯ ಯುದ್ಧಪದಕಗಳನ್ನು ಕೂಡಿಹಾಕಿದ್ದಾರೆಂದು ಯುಗಾದಿಯ ಕೂಟದಲ್ಲಿ ಕೇಳಿದ್ದೆವು. ಒಂದು ಭಾನುವಾರ ಸಂಜೆ ಮನೆಮಂದಿಯೆಲ್ಲ ಹೊರಟೆವು. ನಡೆದರೆ ಹತ್ತು ನಿಮಿಷದ ದಾರಿ. ಆದರೆ ಆ ಸಂಜೆ ನಾವು ಹೋಗಿ ಬಂದದ್ದು ಮಡಿಕೇರಿ, ಸುಳ್ಯ, ಮಂಗಳೂರುಗಳಿಗೆ.

ಪದಕ ಕೂಡಿಡುವವರಿಗೆ ಕಡಲತೀರದ ಮನೆ ಹೇಳಿಸಿದ್ದಲ್ಲ. ಉಪ್ಪುಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಹಸಿರು ಹಿಡಿಯುತ್ತದೆ. ಹಿರಿಯರು ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ತೇವ ಹೀರುವ ಪುಡಿಯ ಪೊಟ್ಟಣಗಳೊಡನೆ ಉಕ್ಕಿನ ಬೀರುವಿನಲ್ಲಿ ಭದ್ರಪಡಿಸಿದ್ದರು. ಕಪ್ಪುಗಟ್ಟಿದ ಒಂದನ್ನು ಕಂಡು ನಮ್ಮ ಮನೆಯಾಕೆ, "ಸ್ವಲ್ಪ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತಿತ್ತಲ್ಲ" ಎಂದರು. ಹಿರಿಯರು ಗಾಬರಿಯಾಗಿ, "ಅಯ್ಯೋ ಅಮ್ಮ, ತಿಕ್ಕಲಿಕ್ಕೇ ಇಲ್ಲ! ಅಕ್ಷರವೇ ಹೋಗ್ತದೆ, ಮತ್ತೆ ಎಂತ ಉಳೀತದೆ?" ಎಂದು ಪದಕವನ್ನು ಮೆಲ್ಲನೆ ತಮ್ಮ ಕಡೆಗೆ ಸರಿಸಿಕೊಂಡರು.

ಅವರು ಹೇಳಿದ್ದು ಸರಿ. ಮೊದಲನೆಯ ಮಹಾಯುದ್ಧದ ಪದಕಗಳ ಅಂಚಿನ ಮೇಲೆ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಸಣ್ಣಕ್ಷರದಲ್ಲಿ ಅಚ್ಚೊತ್ತಿರುತ್ತಾರೆ. ಅದು ಸವೆದರೆ ಉಳಿಯುವುದು ಬರಿಯ ಲೋಹ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರ ಪಡೆಯ ಪದಕವೊಂದು ಅವರಲ್ಲಿತ್ತು, ಕಂಚಿನದು. ಇದರ ಜೊತೆ ಸಿಕ್ಕಿರಬೇಕಾದ ಬೆಳ್ಳಿಯ ಪದಕ ಇರಲಿಲ್ಲ. ಬೆಳ್ಳಿಯವು ಎಷ್ಟೋ ಅಕ್ಕಸಾಲಿಯ ಮೂಸೆ ಸೇರಿ ಕಾಲ್ಗೆಜ್ಜೆಯಾದವು. ಕಂಚಿಗೆ ಬೆಲೆಯಿಲ್ಲವೆಂದು ಅದು ಬದುಕಿತು. ಹಿರಿಯರು ತಾರುಣ್ಯದಲ್ಲಿ ಇಂತಹವನ್ನು ಮೂರ್ ಮಾರ್ಕೆಟ್ಟಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಕೊಳ್ಳುತ್ತಿದ್ದರಂತೆ. 1985ರ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟುಹೋದ ಮೇಲೆ ಅವರ ಭಾನುವಾರಗಳೂ ಬರಿದಾದುವಂತೆ.

ಕೊನೆಗೆ ಅವರು ಅಂಗೈಯಗಲದ ತಾಮ್ರದ ಬಿಲ್ಲೆಯೊಂದನ್ನು ತೆಗೆದು ನಮ್ಮ ಮಗಳ ಕೈಗಿತ್ತರು. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಭಾನುವಾರ ಸಂಘದ ತರಗತಿಯಲ್ಲಿ ಕನ್ನಡ, ಹೀಗೆ ಮೂರು ಲಿಪಿಗಳಲ್ಲಿ ಈಜುತ್ತಿರುವ ಹುಡುಗಿ ಅದು. ಬೆಳಕಿಗೆ ಹಿಡಿದು ನೋಡಿ, "ಅಪ್ಪಾ, ಇದರಲ್ಲಿ ಕನ್ನಡ ಇದೆ!" ಎಂದು ಕೂಗಿದಳು.

ನಿಜವಾಗಿಯೂ ಇತ್ತು. ಇದು ಈಸ್ಟ್ ಇಂಡಿಯಾ ಕಂಪನಿಯವರು ಹೊಡೆಸಿದ 1837ರ ಕೊಡಗಿನ ಪದಕ. ಒಂದು ಮುಖದಲ್ಲಿ ಕೋವಿ ಹಿಡಿದ ಕೊಡಗಿನ ಯೋಧ, ಸುತ್ತಲೂ ಕನ್ನಡದ ಬರಹ. ಇನ್ನೊಂದು ಮುಖದಲ್ಲಿ ಆಯುಧಗಳು, ಎಲೆಯ ಮಾಲೆ, ಇಂಗ್ಲಿಷಿನ ಬರಹ. ಶ್ರೀರಂಗಪಟ್ಟಣದ ಪತನಕ್ಕಾಗಿ ಹೊಡೆಸಿದ ಪದಕದಲ್ಲಿ ಸಿಂಹ ಹುಲಿಯನ್ನು ಮೆಟ್ಟಿದೆ, ಬರಹ ಪಾರಸಿಯದು. ಕೊಡಗಿನವರಿಗೆ ಮಾತ್ರ ಅವರ ನಾಡಿನ ಕಚೇರಿಯ ಭಾಷೆಯಲ್ಲೇ ಮೆಚ್ಚುಗೆ ಸಂದಿತು. ಚಿನ್ನದವು 44, ಬೆಳ್ಳಿಯವು 300 ಎಂದು ಪದಕಗಳ ಪಟ್ಟಿಗಳು ಹೇಳುತ್ತವೆ. ಹಳೆಯ ಅಚ್ಚಿನಿಂದ ಮುಂದಿನ ಕಾಲದಲ್ಲಿ ಮತ್ತೆ ಹೊಡೆದವೂ ಉಂಟು. ಹಿರಿಯರ ಬಳಿ ಇದ್ದುದು ಅಂತಹುದೇ. ಅಸಲನ್ನು ಕೊಳ್ಳುವ ಶಕ್ತಿ ಪಿಂಚಣಿದಾರನಿಗೆ ಎಲ್ಲಿಯದು?

ಬರಹದ ತಾತ್ಪರ್ಯವಿಷ್ಟೆ: ದಂಗೆಯನ್ನಡಗಿಸುವಲ್ಲಿ ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಗಾಗಿ. "ಯಾವ ದಂಗೆ?" ಎಂದಳು ಮಗಳು.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಓದಿದವರಿಗೆ 1834ರಲ್ಲಿ ಕಂಪನಿಯವರು ಅರಸನನ್ನಿಳಿಸಿ ಕೊಡಗನ್ನು ಕಿತ್ತುಕೊಂಡ ಕಥೆ ಗೊತ್ತಿದೆ. ಪದಕದ ಕಥೆ ಅಲ್ಲಿಂದ ಮುಂದಿನದು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕನ್ನಡ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಿತು. ಭತ್ತ ಬೆಳೆಯುವವನು ರೂಪಾಯಿಯನ್ನೆಲ್ಲಿಂದ ತಂದಾನು? 1837ರ ವಸಂತದಲ್ಲಿ ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯೆಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ರೈತರು ಎದ್ದರು. ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು ಬಾವುಟಗುಡ್ಡದ ಮೇಲೆ ತಮ್ಮ ಬಾವುಟವನ್ನೇರಿಸಿದರು. ಹದಿಮೂರು ದಿನ ಪಟ್ಟಣ ಅವರದಾಗಿತ್ತು. ಆಮೇಲೆ ಕಂಪನಿಯ ದಂಡು ಬಂತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಇನ್ನೂ ಹಲವರನ್ನು ಕಡಲಾಚೆಗೆ ಅಟ್ಟಿದರು. ಕಂಪನಿಯ ಪರ ನಿಂತ ಕೊಡಗಿನವರಿಗೆ ಬಂದದ್ದು ಈ ಪದಕ.

ನಮ್ಮ ಮನೆಯಾಕೆಯ ತವರು ಸುಳ್ಯದ ಕಡೆ. ಆಕೆಯ ಅಜ್ಜಿ ಈ ಹೋರಾಟವನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಕರೆಯುತ್ತಿದ್ದರಂತೆ. ಸರ್ಕಾರದವರು ಇಟ್ಟ ಲೇವಡಿಯ ಹೆಸರು ದಂಗೆಯೆದ್ದವರ ಮೊಮ್ಮಕ್ಕಳ ನಾಲಿಗೆಗೂ ಹತ್ತಿಕೊಂಡಿತ್ತು! ಪದಕಕ್ಕಿಂತ ಆ ಮಾತೇ ಹೆಚ್ಚು ಕೆಲಸ ಮಾಡಿತೆಂದು ನಮಗೆ ತೋರುತ್ತದೆ. 2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತಿತು.

ಮಗಳು ಬಿಡಲಿಲ್ಲ. "ಹಾಗಾದರೆ ಈ ಪದಕದವರು ಕೆಟ್ಟವರೇ, ಅಜ್ಜ?"

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. "ಕೊನೆಯ ಅರಸನ ಕಾಲದಲ್ಲಿ ಪೆಟ್ಟು ತಿಂದವರು ಇದ್ದರು, ಮಗಾ. ಅರಸನ ಹೆಸರಿನಲ್ಲಿ ಯಾರೋ ಎದ್ದರೆ ಅವರಿಗೆ ಹೆದರಿಕೆ ಆಗಲಿಕ್ಕಿಲ್ಲವಾ? ನನ್ನ ಅಜ್ಜನ ಕಡೆಯವರು ಕಲ್ಯಾಣಪ್ಪನ ಒಟ್ಟಿಗೆ ಹೋದವರು. ಆದರೂ ನಾನು ಇದನ್ನು ಬಿಸಾಡಲಿಲ್ಲ, ನೋಡು" ಎಂದರು. ಹುಡುಗಿಗೆ ಇದು ಸಾಲಲಿಲ್ಲ. ಮನೆಗೆ ಬರುವವರೆಗೂ ಅದನ್ನೇ ಕೇಳುತ್ತಿದ್ದಳು. ನಮಗೂ ಸಾಲಲಿಲ್ಲವೆನ್ನಿ.

ಆ ಕಾಲಕ್ಕೆ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು, 1956ರವರೆಗೂ ಹಾಗೆಯೇ ಇತ್ತು. ಅಲ್ಲಿಯ ಕಲೆಕ್ಟರನ ಕಾಗದಗಳು ಬರುತ್ತಿದ್ದುದು ನಾವಿರುವ ಇದೇ ಊರಿನ ಸೇಂಟ್ ಜಾರ್ಜ್ ಕೋಟೆಗೆ. ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಪದಕಗಳನ್ನಿಟ್ಟಿದ್ದಾರೆ. ಮಕ್ಕಳಿದ್ದವರು ಒಮ್ಮೆ ಕರೆದೊಯ್ಯಬಹುದು.

ಓದುಗರ ಮನೆಯ ಟ್ರಂಕಿನಲ್ಲೂ ಅಜ್ಜನ ಪದಕವೊಂದು ಇದ್ದೀತು. ಹಿರಿಯರು ಕೊಟ್ಟ ಸೂಚನೆಗಳನ್ನು ಇಲ್ಲಿ ಬರೆದಿದ್ದೇವೆ: ತಿಕ್ಕಬೇಡಿ, ಕರಗಿಸಬೇಡಿ. ಅಂಚಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ ಕಾಗದಕ್ಕಿಳಿಸಿ, ಯಾರದು, ಮನೆಗೆ ಹೇಗೆ ಬಂತು ಎಂಬುದನ್ನು ಬರೆದು ಜೊತೆಗಿಡಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದನ್ನು 1972ರ ಕಾಯಿದೆ ತಡೆಯುತ್ತದೆ. ಹೊರದೇಶದಲ್ಲಿರುವ ಮಕ್ಕಳ ಪೆಟ್ಟಿಗೆಗೆ ಹಾಕುವ ಮೊದಲು ವಿಚಾರಿಸಿಕೊಳ್ಳಿ. ಅದರ ಮೇಲೆ ಕನ್ನಡದ ಅಕ್ಷರ ಕಂಡರೆ ನಮಗೊಂದು ಕಾಗದ ಬರೆಯಿರಿ, ಹಿರಿಯರಿಗೆ ಮುಟ್ಟಿಸುತ್ತೇವೆ.