ಪವರ್ ಮೀಟರ್ ಬೇಕೇ?

ಹಾಲುರಾಮೇಶ್ವರಕ್ಕೆ ಸೈಕಲ್ಲಿನಲ್ಲಿ ಹೋಗಿಬರುವ ನನಗೆ ಮಗ ಪವರ್ ಮೀಟರ್ ಕೊಡಿಸುವೆನೆಂದ. ಪೆಡಲಿನಲ್ಲೋ ಕ್ರ್ಯಾಂಕಿನಲ್ಲೋ ಕೂರುವ ಈ ಸಾಧನ, ಲೋಹದ ಅತಿ ಸೂಕ್ಷ್ಮ ಬಾಗುವಿಕೆಯಿಂದ ತುಳಿತದ ಬಲವನ್ನು ಅಳೆದು, ತಿರುಗುವ ವೇಗದೊಡನೆ ಗುಣಿಸಿ ವ್ಯಾಟ್ ತೋರಿಸುತ್ತದೆ. ಆಸೆಯೇನೋ ಆಯಿತು.

ಆದರೆ ತರಗತಿಯಲ್ಲಿ ಕಲಿಸಿದ ಲೆಕ್ಕ ನಿಮಗೆ ನೆನಪಿದೆಯಲ್ಲವೇ? ಸೈಕಲ್ ಸೇರಿ 80 ಕೆ.ಜಿ., 30 ಮೀಟರ್ ಏರು, 4 ನಿಮಿಷ: 80 × 9.8 × 30 ÷ 240, ಅಂದರೆ 98 ವ್ಯಾಟ್. ಗಾಳಿ, ಘರ್ಷಣೆಗಳ ಲೆಕ್ಕ ಬೇರೆ.

ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು ನಾನು. ಕಾಲು ಕೊಟ್ಟ ಶಕ್ತಿಯನ್ನು ಮೀಟರ್ ಹೇಳೀತು. ಅದಕ್ಕಾಗಿ ಹೃದಯ ತೆತ್ತ ಬೆಲೆಯನ್ನು ಹೇಳದು. ನಿನ್ನೆಯ ಅಂಕಿಯನ್ನು ಮೀರುವ ಹಟವೇ ನನ್ನಂಥವನಿಗೆ ಅಪಾಯ. ಮಾತನಾಡುತ್ತ ತುಳಿಯುವಷ್ಟೇ ಶ್ರಮ ಸಾಕೆಂದು ವೈದ್ಯರ ಅಪ್ಪಣೆ.

"ಬೇಡಪ್ಪಾ" ಎಂದೆ. ಈಗ ಏರಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತೇನೆ. ಉಸಿರು ತಡವರಿಸಿದರೆ ಇಳಿದು ತಳ್ಳುತ್ತೇನೆ.